ಹ್ಯೂಸ್ಟನ್ನಿನ ಸೆಕೆಯಿಂದ ಫೀನಿಕ್ಸಿನ ಝಳಕ್ಕೆ

ಪ್ರಶ್ನೆ: ನಾವು ಎಂಟು ವರ್ಷಗಳಿಂದ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದ್ದೇವೆ. ಪತಿಯ ಕೆಲಸದ ನಿಮಿತ್ತ ಬರುವ ಮೇ ತಿಂಗಳಲ್ಲಿ ಅರಿಜೋನಾದ ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಮನೆ ಬದಲಾಯಿಸುತ್ತಿದ್ದೇವೆ. ಅಲ್ಲಿಯದು ಒಣ ಬಿಸಿಲು, ಬೆವರೇ ಬರುವುದಿಲ್ಲ, ಇಲ್ಲಿಗಿಂತ ಎಷ್ಟೋ ವಾಸಿ ಎಂದು ಕೆಲವು ಸ್ನೇಹಿತರು ಹೇಳಿದರೆ, ಇನ್ನು ಕೆಲವರು ಒಲೆಯ ಮುಂದೆ ಕೂತಂತಿರುತ್ತದೆ ಎಂದು ಹೆದರಿಸುತ್ತಾರೆ. ಜೂನ್‌ನಲ್ಲಿ ಉಡುಪಿಯಿಂದ ನಮ್ಮ ಅತ್ತೆ ಬರುವವರಿದ್ದಾರೆ. ಅವರಿಗೆ 68 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗನಿಗೆ ನಾಲ್ಕು ವರ್ಷ. ಎರಡರಲ್ಲಿ ಯಾವ ಬಿಸಿ ನಿಜವಾಗಿ ಕಡಿಮೆ ಅಪಾಯದ್ದು? ಕರೆಂಟ್ ಬಿಲ್ ಉಳಿಸಲು ಎಸಿಯ ಬದಲು ಕೂಲರ್ ಸಾಕಾಗುತ್ತದೆಯೇ? ನನ್ನ ಬಳಿ ಒಂದು ವೀಣೆ ಇದೆ, ಅದಕ್ಕೇನಾದರೂ ತೊಂದರೆಯಾದೀತೇ?

ಉತ್ತರ: ನಿಮ್ಮ ಸ್ನೇಹಿತರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ "ಬೆವರೇ ಬರುವುದಿಲ್ಲ" ಎಂಬ ಒಂದು ಮಾತನ್ನು ಮಾತ್ರ ನೀವು ಮೊದಲು ಮನಸ್ಸಿನಿಂದ ತೆಗೆದುಹಾಕಬೇಕು, ಏಕೆಂದರೆ ಹೊಸದಾಗಿ ಮರುಭೂಮಿಗೆ ಬಂದವರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಆ ಮಾತನ್ನು ನಂಬಿಯೇ. ಬೆವರು ಅಲ್ಲಿಯೂ ಬರುತ್ತದೆ, ಹ್ಯೂಸ್ಟನ್‌ಗಿಂತ ಹೆಚ್ಚೇ ಬರುತ್ತದೆ. ಚರ್ಮದ ಮೇಲೆ ನಿಲ್ಲುವ ಮೊದಲೇ ಆರಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಹ್ಯೂಸ್ಟನ್ನಿನ ತೇವದ ಸೆಕೆ ನಮಗೆ ಕ್ಷಣಕ್ಷಣವೂ ತನ್ನ ಇರವನ್ನು ತಿಳಿಸುತ್ತಿರುತ್ತದೆ, ಮರುಭೂಮಿಯ ಒಣ ಝಳ ತಿಳಿಸುವುದಿಲ್ಲ. ನನ್ನ ಮಟ್ಟಿಗೆ ಈ ಎರಡು ಬೇಸಿಗೆಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ. ಮುಂದೆ ಹೇಳುವುದೆಲ್ಲ ಇದರಿಂದಲೇ ಹುಟ್ಟುತ್ತದೆ.

ನಾನು ಹುಟ್ಟಿ ಬೆಳೆದದ್ದು ರಾಯಚೂರು ಸೀಮೆಯಲ್ಲಿ, ವೈದ್ಯಕೀಯ ಓದಿದ್ದು ಮಂಗಳೂರಿನಲ್ಲಿ. ಮೊದಲ ಬೇಸಿಗೆಯಲ್ಲಿ ಊರಿನಿಂದ ಒಂದು ಮಣ್ಣಿನ ಹೂಜಿಯನ್ನು ಹಾಸ್ಟೆಲಿಗೆ ತೆಗೆದುಕೊಂಡು ಹೋಗಿದ್ದೆ. ಊರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ, ಹೊರಗೆ 42 ಡಿಗ್ರಿ ಇರುವಾಗ, ಅದೇ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತಿತ್ತು. ಮಂಗಳೂರಿನಲ್ಲಿ ಹೊರಗೆ ಬರೀ 34 ಡಿಗ್ರಿ, ಆದರೆ ಹೂಜಿಯ ನೀರು ಬಾವಿಯ ನೀರಿಗಿಂತಲೂ ಬೆಚ್ಚಗೆ. ಹೊರಮೈ ಸದಾ ಒದ್ದೆ, ಅಡಿಯಲ್ಲಿ ನೆಲ ಒದ್ದೆ, ಎರಡು ವಾರಕ್ಕೆ ಬುಡದಲ್ಲಿ ಪಾಚಿ. ಹೂಜಿ ಕೆಟ್ಟಿರಲಿಲ್ಲ. ಅದರ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋದರೆ ಮಾತ್ರ ಒಳಗಿನ ನೀರು ತಣ್ಣಗಾಗುತ್ತದೆ. ಕರಾವಳಿಯ ಗಾಳಿ ಆಗಲೇ ನೀರುಂಡು ತುಂಬಿಕೊಂಡಿರುವುದರಿಂದ ಅದಕ್ಕೆ ಇನ್ನಷ್ಟು ಹೀರುವ ಶಕ್ತಿ ಉಳಿದಿರಲಿಲ್ಲ.

ನಮ್ಮ ದೇಹವೂ ಇಂಥದೇ ಹೂಜಿ. ಸುಮ್ಮನೆ ಕುಳಿತಿದ್ದರೂ ನಮ್ಮ ಒಳಗೆ ಸುಮಾರು 100 ವಾಟ್‌ನಷ್ಟು ಶಾಖ ಹುಟ್ಟುತ್ತಿರುತ್ತದೆ, ನಡೆದರೆ ಅದು ಎರಡು ಮೂರು ಪಟ್ಟಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಅಷ್ಟು ಒಂದು ಗಂಟೆಯಲ್ಲಿ ನಡೆದರೆ ಸುಮಾರು 675 ವಾಟ್ ತಂಪು ಸಿಕ್ಕಂತಾಯಿತು. ಆದರೆ ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ, ಅಂಗಿಗೆ ಹೀರಿಕೊಂಡು ಅಲ್ಲೇ ಉಳಿದ ಬೆವರಿನಿಂದ ದೇಹಕ್ಕೆ ಹೇಳಿಕೊಳ್ಳುವಂಥ ತಂಪು ಸಿಗುವುದಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಲಾಭವಂತೂ ಇಲ್ಲ. ಹ್ಯೂಸ್ಟನ್ನಿನ ಬೇಸಿಗೆಯ ಸಂಕಟ ಇದು.

ಅಂಕಿಗಳಲ್ಲಿ ನೋಡೋಣ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡಿಸಿದರೆ ಅದು ತೋರಿಸುವ ತಾಪಮಾನವನ್ನು ವೆಟ್ ಬಲ್ಬ್ ತಾಪಮಾನ ಎನ್ನುತ್ತಾರೆ. ನಮ್ಮ ಹೂಜಿ ಆ ಗಾಳಿಯಲ್ಲಿ ಎಷ್ಟರಮಟ್ಟಿಗೆ ತಣ್ಣಗಾಗಬಲ್ಲದು ಎಂಬುದನ್ನು ಅದು ಹೇಳುತ್ತದೆ. ಹ್ಯೂಸ್ಟನ್‌ನಲ್ಲಿ ಜುಲೈ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇಕಡಾ 55 ಇದ್ದರೆ ವೆಟ್ ಬಲ್ಬ್ ತಾಪಮಾನ ಸುಮಾರು 27.5 ಡಿಗ್ರಿ. ಫೀನಿಕ್ಸ್‌ನಲ್ಲಿ ಜೂನ್ ಕೊನೆಯ ಮಧ್ಯಾಹ್ನ 43 ಡಿಗ್ರಿ, ತೇವಾಂಶ ಶೇಕಡಾ 10 ಇದ್ದರೆ ಅದು ಬರೀ 20 ಡಿಗ್ರಿ. ಅಂದರೆ ಬೆವರು ಆರುವ ಅನುಕೂಲದಲ್ಲಿ ಫೀನಿಕ್ಸ್ ಬಹಳ ಮುಂದಿದೆ. ಅಮೆರಿಕದ ಹವಾಮಾನ ಇಲಾಖೆ ಪ್ರಕಟಿಸುವ ಹೀಟ್ ಇಂಡೆಕ್ಸ್, ಅಂದರೆ ಮೈಗೆ ಎಷ್ಟು ಬಿಸಿ ಅನ್ನಿಸುತ್ತದೆ ಎಂಬ ಅಂದಾಜು, ಈ ಎರಡು ಸಂದರ್ಭಗಳಲ್ಲೂ 40ರಿಂದ 43 ಡಿಗ್ರಿಯ ಆಸುಪಾಸಿನಲ್ಲೇ ಬರುತ್ತದೆ. ಫೀನಿಕ್ಸ್‌ನದ್ದೇ ಒಂದು ಕೂದಲೆಳೆ ಕಡಿಮೆ. ನಿಮ್ಮ ಮೊದಲ ಸ್ನೇಹಿತರು ಹೇಳುವುದು ಈ ಲೆಕ್ಕವನ್ನೇ.

ಆದರೆ ಹೀಟ್ ಇಂಡೆಕ್ಸ್ ನೆರಳಿನಲ್ಲಿರುವವರ ಲೆಕ್ಕ. ನೇರ ಬಿಸಿಲಿನಲ್ಲಿ ಅದು ಇನ್ನೂ 8 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು, ಮತ್ತು ಮೋಡವೇ ಇಲ್ಲದ, ಮರಗಳೂ ವಿರಳವಾದ ಫೀನಿಕ್ಸ್‌ನಲ್ಲಿ ನೆರಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಎರಡನೆಯದಾಗಿ, ಬಿಸಿಯಾದ ನಮ್ಮ ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಹ್ಯೂಸ್ಟನ್‌ನಲ್ಲಿ ಗಾಳಿ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಬೀಸಿದ ಗಾಳಿ ಶಾಖವನ್ನು ತರುವುದೂ ಇಲ್ಲ, ಒಯ್ಯುವುದೂ ಇಲ್ಲ, ಬೆವರು ಆರಲು ನೆರವಾಗುತ್ತದೆ. 43 ಡಿಗ್ರಿಯ ಗಾಳಿ ಬೀಸಿದಾಗಲೆಲ್ಲ ನಮಗೆ ಶಾಖವನ್ನು ಕೊಟ್ಟೇ ಹೋಗುತ್ತದೆ. ಸಿಡ್ನಿಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 40 ಡಿಗ್ರಿಯ ತೇವದ ಕೋಣೆಯಲ್ಲಿ ಫ್ಯಾನು ಜನರಿಗೆ ಉಪಕಾರ ಮಾಡಿತು. 47 ಡಿಗ್ರಿಯ ಒಣ ಕೋಣೆಯಲ್ಲಿ ಅದೇ ಫ್ಯಾನು ದೇಹದ ಬಿಸಿಯನ್ನು ಏರಿಸಿತು. ಹೀಗಾಗಿ ಹ್ಯೂಸ್ಟನ್‌ನಲ್ಲಿ ನೀವು ಕಲಿತ "ಫ್ಯಾನ್ ಜೋರು ಮಾಡಿಕೊಂಡು ಕೂತರಾಯಿತು" ಎಂಬ ಅಭ್ಯಾಸ ಚಾಂಡ್ಲರ್‌ನಲ್ಲಿ ಎಸಿ ಕೆಟ್ಟ ದಿನ ಕೈಕೊಡುತ್ತದೆ. ಆ ದಿನ ಮೈಗೆ ಒದ್ದೆ ಬಟ್ಟೆ ಹೊದ್ದುಕೊಂಡು ಫ್ಯಾನ್ ಹಾಕಿದರೆ ಮಾತ್ರ ಅದಕ್ಕೆ ಅರ್ಥವಿದೆ. ಅದೂ ಬೇರೆ ಕಡೆ ಹೋಗುವ ವ್ಯವಸ್ಥೆ ಆಗುವವರೆಗೆ. ರಾಯಚೂರಿನ ಹಿರಿಯರು ಮೇ ತಿಂಗಳ ಮಧ್ಯಾಹ್ನ ಒದ್ದೆ ಪಂಚೆ ಹೊದ್ದು ಮಲಗುತ್ತಿದ್ದುದರ ಭೌತಶಾಸ್ತ್ರ ಇಷ್ಟೇ.

ಬಟ್ಟೆಯ ವಿಷಯವೂ ತಿರುವುಮುರುವಾಗುತ್ತದೆ. ಸೆಕೆಯಲ್ಲಿ ಎಷ್ಟು ಕಡಿಮೆ ಬಟ್ಟೆ ಇದ್ದರೆ ಅಷ್ಟು ಹಿತ. ಮರುಭೂಮಿಯಲ್ಲಿ ಸಡಿಲವಾದ, ತೋಳು ತುಂಬಿದ, ತಿಳಿಬಣ್ಣದ ಹತ್ತಿಯ ಬಟ್ಟೆ ಮೈಗೆ ಚಪ್ಪರದ ಹಾಗೆ ಕೆಲಸ ಮಾಡುತ್ತದೆ. ಅರೆತೋಳಿನ ಅಂಗಿಗಿಂತ ಅದೇ ತಂಪು.

ಈಗ ಬೆವರಿನ ವಿಷಯಕ್ಕೆ ಮರಳುತ್ತೇನೆ. ಚಾಂಡ್ಲರ್‌ನಲ್ಲಿ ಜೂನ್ ತಿಂಗಳ ಬೆಳಿಗ್ಗೆ ಅರ್ಧ ಗಂಟೆ ನಡೆದು ಬಂದು ನಿಮ್ಮ ಪತಿಯ ಕಪ್ಪು ಟೀ ಶರ್ಟಿನ ಬೆನ್ನನ್ನು ನೋಡಿ. ಅದು ಒದ್ದೆಯಾಗಿರುವುದಿಲ್ಲ, ಆದರೆ ಭೂಪಟದ ಗಡಿಗೆರೆಗಳಂತೆ ಬಿಳಿ ಉಪ್ಪಿನ ಗೆರೆಗಳು ಮೂಡಿರುತ್ತವೆ. ಅಷ್ಟು ಬೆವರು ಬಂದು ಹೋಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಹ್ಯೂಸ್ಟನ್‌ನಲ್ಲಿ ಅಂಗಿ ಮೈಗಂಟಿದಾಗ ನೀವು ತಾವಾಗಿಯೇ ಒಳಗೆ ಬರುತ್ತಿದ್ದಿರಿ, ನೀರು ಕುಡಿಯುತ್ತಿದ್ದಿರಿ. ಚಾಂಡ್ಲರ್‌ನಲ್ಲಿ ಆ ಸೂಚನೆ ಬರುವುದಿಲ್ಲವಾದ್ದರಿಂದ ಗಡಿಯಾರ ನೋಡಿ ಕುಡಿಯಬೇಕು. ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ಹೀಗಿದೆ: 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್, ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು. ಈ ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುತ್ತದೆ; ಅದನ್ನೂ ಬಿಸಿಲಿನದೇ ಪರಿಣಾಮ ಎಂದುಕೊಂಡು ಇನ್ನೊಂದು ಲೀಟರ್ ಕುಡಿಸುವವರನ್ನು ನಾನು ಕಂಡಿದ್ದೇನೆ. ಹೊರಗೆ ಒಂದೆರಡು ಗಂಟೆ ಇದ್ದು ಬಂದ ದಿನ ಉಪ್ಪು ಹಾಕಿದ ನೀರುಮಜ್ಜಿಗೆ ಇದಕ್ಕೆ ಒಳ್ಳೆಯ ಮದ್ದು. ಮೂತ್ರದ ಬಣ್ಣ ತಿಳಿ ಹಳದಿಯಾಗಿದ್ದರೆ ಸರಿ, ಗಾಢವಾದರೆ ಕುಡಿದದ್ದು ಸಾಲದು.

ದೇಹ ಹೊಸ ಬಿಸಿಗೆ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ನೀವು ಸೆಕೆಗೆ ಒಗ್ಗಿದವರಾದ್ದರಿಂದ ಇದರಲ್ಲಿ ಅರ್ಧ ದಾರಿ ಆಗಲೇ ನಡೆದಿದ್ದೀರಿ, ಮೇ ತಿಂಗಳಲ್ಲಿ ಹೋಗುವುದೂ ಅನುಕೂಲವೇ. ಬಿಸಿಲು ಏರಿದಂತೆ ದೇಹವೂ ಒಗ್ಗುತ್ತಾ ಹೋಗುತ್ತದೆ.

ಅತ್ತೆಯವರ ಪ್ರಯಾಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಟಿಕೆಟ್ ಆಗಿರದಿದ್ದರೆ ಜೂನ್ ಬೇಡ, ಅಕ್ಟೋಬರ್ ಕೊನೆಗೆ ಬರಲಿ, ಮಾರ್ಚ್‌ವರೆಗೆ ಇರಲಿ. ಆ ಐದು ತಿಂಗಳು ಫೀನಿಕ್ಸ್‌ನಷ್ಟು ಹಿತವಾದ ಹವೆ ಬೇರೆಲ್ಲೂ ಸಿಗುವುದು ಕಷ್ಟ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಮಂದವಾಗಿರುತ್ತದೆ, ಬೆವರು ಕಡಿಮೆ ಬರುತ್ತದೆ, ಮತ್ತು ಅವರ ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿದ್ದರೆ ದೇಹ ಒಂದು ಕಡೆಯಿಂದ ನೀರು ಕಳೆದುಕೊಳ್ಳುತ್ತಿರುವಾಗ ಮಾತ್ರೆ ಇನ್ನೊಂದು ಕಡೆಯಿಂದ ಕಳೆಯುತ್ತಿರುತ್ತದೆ. ಉಡುಪಿಯಲ್ಲಿ ಅವರು ಇಷ್ಟು ವರ್ಷ ಸೆಕೆಯನ್ನು ನಿಭಾಯಿಸಿರುವುದು ಸೆಕೆಯೇ ಅವರನ್ನು ಎಬ್ಬಿಸಿ ಫ್ಯಾನಿನ ಕೆಳಗೆ ಕೂರಿಸುತ್ತಿದ್ದುದರಿಂದ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುವುದೇ ಅವರ ಎಚ್ಚರಿಕೆಯ ಗಂಟೆ. ಚಾಂಡ್ಲರ್‌ನ ಹಿತ್ತಲಿನಲ್ಲಿ ಹನ್ನೊಂದು ಗಂಟೆಗೆ "ಎಷ್ಟು ಒಳ್ಳೆ ಬಿಸಿಲು, ಒಂದು ತೊಟ್ಟು ಬೆವರಿಲ್ಲ" ಎಂದುಕೊಂಡು ಅವರು ಸಂಡಿಗೆ ಹಾಕಲು ಕೂತರೆ, ಸಂಡಿಗೆ ಆರುವುದರೊಳಗೆ ಅವರೂ ಬಳಲಿರುತ್ತಾರೆ. ಜೂನ್‌ನಲ್ಲೇ ಬರುವುದು ಅನಿವಾರ್ಯವಾದರೆ ಹೊರಡುವ ಮೊದಲು ಮಾತ್ರೆಗಳ ಚೀಟಿಯನ್ನು ಅವರ ವೈದ್ಯರಿಗೆ ತೋರಿಸಿ, 43 ಡಿಗ್ರಿಯ ಊರಿಗೆ ಹೋಗುತ್ತಿರುವುದನ್ನು ಹೇಳಿಸಿ, ಎಷ್ಟು ನೀರು ಕುಡಿಯಬಹುದೆಂದು ಕೇಳಿಕೊಳ್ಳಿ; ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಬೇಡ. ಎದ್ದು ನಿಂತಾಗ ತಲೆ ಸುತ್ತುವುದು ಮೊದಲ ಲಕ್ಷಣ. ಮಾತು ತೊದಲಿದರೆ, ಸಂಬಂಧವಿಲ್ಲದ್ದನ್ನು ಮಾತನಾಡಿದರೆ, ಮೈ ಸುಡುತ್ತಿದ್ದರೆ ಕಾಯಬೇಡಿ, 911ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ.

ಮರುಭೂಮಿಯಲ್ಲಿ ರಾತ್ರಿ ತಂಪು ಎಂಬ ಶಾಲೆಯ ಪಾಠವನ್ನು ನಂಬಿ ಹೋಗಬೇಡಿ. ಊರ ಹೊರಗಿನ ಬಯಲಿನಲ್ಲಿ ಅದು ನಿಜ. ಒಣ ಗಾಳಿ ನೆಲದ ಶಾಖವನ್ನು ತಡೆಹಿಡಿಯುವುದಿಲ್ಲ. ಆದರೆ ಫೀನಿಕ್ಸ್ ಸುತ್ತಲಿನ ಕಾಂಕ್ರೀಟು, ಡಾಂಬರು ಹಗಲೆಲ್ಲ ನುಂಗಿದ ಬಿಸಿಯನ್ನು ಇರುಳೆಲ್ಲ ಕಾರುತ್ತವೆ. 2023ರಲ್ಲಿ ಅಲ್ಲಿ ಸತತ 31 ದಿನ ಗರಿಷ್ಠ ತಾಪಮಾನ 110 ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು ಅಥವಾ ಮುಟ್ಟಿತ್ತು; ಜುಲೈ 19ರಂದು ಕನಿಷ್ಠ ತಾಪಮಾನವೇ 97 ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ಸೆಲ್ಸಿಯಸ್. ಚಾಂಡ್ಲರ್ ಸೇರಿರುವ ಮ್ಯಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು. ಅವರಲ್ಲಿ ಹೆಚ್ಚಿನವರು ಸತ್ತದ್ದು ಹೊರಗೆ. ಮನೆಯೊಳಗೆ ಸತ್ತವರಲ್ಲಿ ಬಹುಪಾಲು ಜನರ ಮನೆಯಲ್ಲಿ ಎಸಿ ಇತ್ತು, ಆದರೆ ಅದು ಕೆಲಸ ಮಾಡುತ್ತಿರಲಿಲ್ಲ.

ಇದು ನಿಮ್ಮ ಕೂಲರ್ ಪ್ರಶ್ನೆಗೆ ಅರ್ಧ ಉತ್ತರ. ಇನ್ನರ್ಧ ಹೀಗಿದೆ. ನಮ್ಮ ಕಡೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಲ್ಲ, ಕೂಲರ್ ಅದೇ ತತ್ತ್ವದ ಯಂತ್ರ. ಅಲ್ಲಿಯವರು ಅದನ್ನು ಸ್ವಾಂಪ್ ಕೂಲರ್ ಎನ್ನುತ್ತಾರೆ. ಜೂನ್ ಮೊದಲ ಭಾಗದ ಒಣ ಗಾಳಿಯಲ್ಲಿ ಒಳ್ಳೆಯ ಕೂಲರ್ 43 ಡಿಗ್ರಿಯ ಗಾಳಿಯನ್ನು 24–25ಕ್ಕೆ ಇಳಿಸಬಲ್ಲದು. ಆದರೆ ಅರಿಜೋನಾದಲ್ಲಿ ಮಾನ್ಸೂನ್ ಇದೆ ಎಂಬುದು ಅಲ್ಲಿಗೆ ಹೋಗುವವರೆಗೆ ಬಹಳ ಜನರಿಗೆ ತಿಳಿದಿರುವುದಿಲ್ಲ. ಹವಾಮಾನ ಇಲಾಖೆ 2008ರಿಂದ ಅದಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30 ಎಂದು ದಿನಾಂಕ ನಿಗದಿಪಡಿಸಿದೆ. ನಮ್ಮ ಮಳೆಗಾಲದಂತೆ ಸುರಿಯುವುದಿಲ್ಲ. ವರ್ಷವಿಡೀ ಅಲ್ಲಿ ಬೀಳುವ ಮಳೆ ಸುಮಾರು 180–200 ಮಿಲಿಮೀಟರ್ ಅಷ್ಟೆ. ಆದರೆ ಜುಲೈನಲ್ಲಿ ದಕ್ಷಿಣದಿಂದ ತೇವ ಬಂದು 40 ಡಿಗ್ರಿಯ ಜೊತೆ ಶೇಕಡಾ 30 ತೇವಾಂಶ ಸೇರಿದರೆ ಅದೇ ಕೂಲರ್ 28–29ಕ್ಕಿಂತ ಕೆಳಗೆ ಇಳಿಸಲಾರದು, ಮನೆಯೆಲ್ಲ ಅಂಟಂಟು. ಅಂದರೆ ನೀವು ಬಿಟ್ಟು ಬಂದೆವೆಂದುಕೊಂಡ ಸೆಕೆ ಆರು ವಾರ ಅಲ್ಲಿಗೂ ಬಂದು ಹೋಗುತ್ತದೆ, ಈ ಬಾರಿ ಝಳದ ಜೊತೆಯಲ್ಲಿ. ಅಲ್ಲಿನ ನೀರು ಗಡಸು. ಕೂಲರಿನ ಹುಲ್ಲಿನ ಮೆತ್ತೆಗೆ ಒಂದೇ ಬೇಸಿಗೆಯಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಹಿತ್ತಲಿಗೋ ಗ್ಯಾರೇಜಿಗೋ ಇಟ್ಟುಕೊಳ್ಳಿ, ಮನೆಯನ್ನು ಅದರ ಮೇಲೆ ಬಿಡಬೇಡಿ. ಆ ಹಣದಲ್ಲಿ ಮೇ ತಿಂಗಳಲ್ಲಿ ಹೋದ ಕೂಡಲೇ ಎಸಿಯ ಸರ್ವಿಸ್ ಮಾಡಿಸಿ; ಜುಲೈನಲ್ಲಿ ಕೆಟ್ಟರೆ ರಿಪೇರಿಯವರು ಸಿಗುವುದಕ್ಕೆ ದಿನಗಟ್ಟಲೆ ಕಾಯಬೇಕಾದೀತು.

ಎಸಿಯ ಮಾತು ಬಂದಿದ್ದರಿಂದ, ಹ್ಯೂಸ್ಟನ್‌ನಲ್ಲಿ ಉಳಿಯುವ ಓದುಗರಿಗೆ ಒಂದು ಮಾತು. ಅಲ್ಲಿ ಎಸಿಯ ಕೆಲಸ ತಂಪು ಮಾಡುವುದಷ್ಟೇ ಅಲ್ಲ, ಗಾಳಿಯಿಂದ ನೀರು ತೆಗೆಯುವುದೂ ಹೌದು. ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ಆಟೋದಲ್ಲಿ ಇಡದೆ ಸದಾ ಓಡುವಂತೆ ಇಟ್ಟರೆ ಎಸಿಯೊಳಗಿನ ತಣ್ಣನೆಯ ಕೊಳವೆಸುರುಳಿಯ (ಕಾಯಿಲ್) ಮೇಲೆ ನಿಂತ ನೀರು ಮತ್ತೆ ಮನೆಯ ಗಾಳಿಗೇ ಸೇರುತ್ತದೆ. ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿಸಿದರೆ ಅದು ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ, ತೇವ ಹಾಗೇ ಉಳಿದು ಬೀರುವಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಹಾಗೆಯೇ 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ಆ ಪ್ರದೇಶದ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಹೋದದ್ದನ್ನು ನೀವು ಅನುಭವಿಸಿಯೇ ಇದ್ದೀರಿ. ಆಗ ಕಿಟಕಿ ತೆರೆದು, ಮೈ ಒದ್ದೆ ಮಾಡಿಕೊಂಡು ದಿನ ದೂಡಿದವರಿದ್ದಾರೆ. ಫೀನಿಕ್ಸ್‌ನಲ್ಲಿ ಚಂಡಮಾರುತವಿಲ್ಲ, ಆದರೆ ಕಿಟಕಿ ತೆರೆದರೆ ಒಳಗೆ ಬರುವುದು 43 ಡಿಗ್ರಿ. ವಿದ್ಯುತ್ ಹೋದ ದಿನ ಯಾರ ಮನೆಗೆ, ಯಾವ ಗ್ರಂಥಾಲಯಕ್ಕೆ ಹೋಗುವುದೆಂದು ಮೊದಲೇ ತೀರ್ಮಾನಿಸಿಟ್ಟುಕೊಳ್ಳಿ.

ಮಗನ ವಿಷಯದಲ್ಲಿ ನನಗೆ ಗಾಳಿಯ ಬಿಸಿಗಿಂತ ವಸ್ತುಗಳ ಬಿಸಿಯದೇ ಚಿಂತೆ. ಬಿಸಿಲಿಗೆ ಕಾದ ಡಾಂಬರು ರಸ್ತೆ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬರಿಗಾಲಿನಲ್ಲಿ ಓಡಿದ, ಜಾರಿ ಬಿದ್ದು ಏಳಲಾಗದ ಜನ ಪ್ರತಿ ಬೇಸಿಗೆಯಲ್ಲೂ ಅಲ್ಲಿನ ಸುಟ್ಟಗಾಯ ಚಿಕಿತ್ಸಾ ಕೇಂದ್ರಕ್ಕೆ ಬರುತ್ತಾರೆ. ಅಂಗಳದ ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಕಾದಿರುತ್ತದೆ, ಒಂದೆರಡು ನಿಮಿಷ ಹರಿಯಬಿಡಿ. ಕಾರಿನ ಮಗುವಿನ ಸೀಟಿನ ಲೋಹದ ಬಕಲನ್ನು ಮುಟ್ಟಿ ನೋಡದೆ ಕೂರಿಸಬೇಡಿ. ಚಾಂಡ್ಲರ್‌ನ ನೆರೆಯ ಟೆಂಪಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69 ಡಿಗ್ರಿ ಆಗಿತ್ತು. ಮಗುವನ್ನು ಕಾರಿನಲ್ಲಿ ಒಂದು ನಿಮಿಷವೂ ಬಿಡಬಾರದೆಂದು ನಿಮಗೆ ಹೇಳಬೇಕಿಲ್ಲ, ಔಷಧಗಳನ್ನೂ ಬಿಡಬೇಡಿ. ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ, ನಿಮ್ಮ ದಿನವನ್ನೂ ಬೆಳಿಗ್ಗೆ ಬೇಗನೆ ಶುರುಮಾಡಿಕೊಳ್ಳಿ: ಪಾರ್ಕು, ತರಕಾರಿ, ನಡಿಗೆ ಎಲ್ಲವೂ ಏಳು ಗಂಟೆಯೊಳಗೆ ಮುಗಿಯಲಿ.

ಒಣ ಹವೆಯಿಂದ ಮೊದಲ ತಿಂಗಳು ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಮಲಗುವ ಮುನ್ನ ಮೂಗಿನ ಹೊಳ್ಳೆಯ ಅಂಚಿಗೆ ತುಸು ವ್ಯಾಸಲೀನ್ ಸವರಿದರೆ ಸಾಕು. ಅದಕ್ಕಿಂತ ಗಮನಿಸಬೇಕಾದದ್ದು ಧೂಳು. ಅಲ್ಲಿನ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಉಸಿರಿನ ಮೂಲಕ ಒಳಹೊಕ್ಕು ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಸೋಂಕನ್ನು ತರುತ್ತದೆ. ಅಮೆರಿಕದ ಒಟ್ಟು ಪ್ರಕರಣಗಳಲ್ಲಿ ದೊಡ್ಡ ಪಾಲು ಅರಿಜೋನಾದವೇ. ಕೆಮ್ಮು, ಜ್ವರ, ಸುಸ್ತು ಎರಡು ವಾರ ದಾಟಿದರೆ ವೈದ್ಯರ ಬಳಿ ಆ ಹೆಸರನ್ನು ನೀವೇ ಎತ್ತಿ. ಅತ್ತೆಯವರು ಉಡುಪಿಗೆ ಮರಳಿದ ಮೇಲೆ ಕೆಮ್ಮು ಶುರುವಾದರೂ ಅಲ್ಲಿನ ವೈದ್ಯರಿಗೆ ಅರಿಜೋನಾಕ್ಕೆ ಹೋಗಿದ್ದನ್ನು ತಿಳಿಸಬೇಕು.

ಕೊನೆಗೆ ವೀಣೆ. ಅದರ 24 ಮೆಟ್ಟಿಲುಗಳು, ಅಂದರೆ ಬೆರಳಿಟ್ಟು ನುಡಿಸುವ ಲೋಹದ ಪಟ್ಟಿಗಳು, ಕೂತಿರುವುದು ಮೇಣದ ಮೇಲೆ. ಶುದ್ಧ ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಾದರೂ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ತಂತಿಯ ಒತ್ತಡಕ್ಕೆ ಮೆಟ್ಟಿಲುಗಳು ಸರಿಯುತ್ತವೆ, ಸ್ವರಸ್ಥಾನ ಕೆಡುತ್ತದೆ. ಆದ್ದರಿಂದ ಸಾಮಾನು ಸಾಗಿಸುವ ಲಾರಿಯಲ್ಲಿ ಅದನ್ನು ಕಳಿಸಬೇಡಿ. ತಂತಿಗಳನ್ನು ಸಡಿಲಿಸಿ, ಎಸಿ ಹಾಕಿದ ನಿಮ್ಮದೇ ಕಾರಿನಲ್ಲಿ ಒಯ್ಯಿರಿ, ದಾರಿಯಲ್ಲಿ ಊಟಕ್ಕೆ ಇಳಿದಾಗ ಅದನ್ನೂ ಇಳಿಸಿಕೊಳ್ಳಿ. ಹಲಸಿನ ಮರ ಎಂಟು ವರ್ಷ ಹ್ಯೂಸ್ಟನ್ನಿನ ತೇವ ಕುಡಿದಿದೆ; ಒಮ್ಮೆಲೇ ಒಣಗಿದರೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಚಾಂಡ್ಲರ್‌ನಲ್ಲಿ ಮೊದಲ ಎರಡು ತಿಂಗಳು ಅದನ್ನು ಪೆಟ್ಟಿಗೆಯಲ್ಲೇ ಇಟ್ಟು, ಜೊತೆಗೆ ಗಿಟಾರಿನವರು ಬಳಸುವ ತೇವದ ಪೊಟ್ಟಣವೊಂದನ್ನು ಹಾಕಿಡಿ. ನುಡಿಸಲು ಬೇಕೆನಿಸಿದಾಗ ತೆಗೆಯಿರಿ, ಎಸಿಯ ಗಾಳಿ ನೇರವಾಗಿ ಬೀಳುವ ಜಾಗದಲ್ಲಿ ಮಾತ್ರ ಕೂರಬೇಡಿ.